ತಗಡಿನ ಕೂಲರ್: ರಾಯಚೂರಿನ ಬೇಸಿಗೆ ರಾತ್ರಿಗೆ ಎಷ್ಟು ಸಹಾಯ?

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಹಗಲು 42 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಆದರೆ ಮನುಷ್ಯನನ್ನು ಹಣ್ಣು ಮಾಡುವುದು ಹಗಲಿಗಿಂತ ರಾತ್ರಿಯೇ. ದಿನವಿಡೀ ಕಾದ ಆರ್‌ಸಿಸಿ ಮಾಳಿಗೆ ನಡುರಾತ್ರಿ ದಾಟಿದರೂ ಝಳ ಬಿಡುತ್ತಿರುತ್ತದೆ, ಫ್ಯಾನು ಅದನ್ನೇ ತಂದು ಹಾಸಿಗೆಯ ಮೇಲೆ ಸುರಿಯುತ್ತದೆ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಕಾವು ಸ್ವಲ್ಪವಾದರೂ ಇಳಿಯಬೇಕು. ಅದು ಇಳಿಯದೆ ನಾಲ್ಕು ರಾತ್ರಿ ಕಳೆದರೆ ತಲೆಭಾರ, ಸಿಡುಕು, ಊಟ ಸೇರದಿರುವುದು ಎಲ್ಲ ಶುರುವಾಗುತ್ತವೆ. ಎಸಿ ಬೇಡವೆನ್ನುವ ಅಥವಾ ಕೈಗೆಟುಕದ ಮನೆಗೆ ಊರಿನ ಅಂಗಡಿಗಳಲ್ಲೇ ಜೋಡಿಸಿ ಮಾರುವ ತಗಡಿನ ಕೂಲರ್ ಇವತ್ತಿಗೂ ಒಳ್ಳೆಯ ಖರೀದಿ. ಸರಿಯಾದ ಜಾಗದಲ್ಲಿ ಕೂರಿಸಬೇಕು, ಅರ್ಥಿಂಗ್ ಇರಲೇಬೇಕು, ಅಷ್ಟೇ.

ಇದು ನಮ್ಮ ಭಾಗಕ್ಕೆ ಒಗ್ಗುವುದಕ್ಕೆ ಕಾರಣ ಇಲ್ಲಿನ ಒಣ ಹವೆ. ಗಾಳಿ 42 ಡಿಗ್ರಿ ಇದ್ದು ತೇವಾಂಶ ಶೇ. 20ರಷ್ಟಿದ್ದರೆ, ಕೂಲರಿನ ಪಂಪು ಸುರಿಸುವ ನೀರಿಗೆ ನೆನೆದ ಪ್ಯಾಡ್ (ಹುಲ್ಲಿನ ಅಥವಾ ಕಾಗದದ ಪದರ) ದಾಟಿ ಬರುವ ಗಾಳಿ 28–29 ಡಿಗ್ರಿಗೆ ಇಳಿಯುತ್ತದೆ. ಅದೇ ಜುಲೈನಲ್ಲಿ ಗಾಳಿ 32 ಡಿಗ್ರಿ, ತೇವಾಂಶ ಶೇ. 70 ಇದ್ದರೆ ಮೂರ್ನಾಲ್ಕು ಡಿಗ್ರಿ ಇಳಿದರೆ ಹೆಚ್ಚು, ಮೇಲೆ ಮೈ ಅಂಟಂಟು. ಮುಂಗಾರು ಕೂತ ಮೇಲೆ ನೀರಿನ ಪಂಪು ನಿಲ್ಲಿಸಿ ಬರೀ ಫ್ಯಾನಾಗಿ ಬಳಸುವುದೇ ಸರಿ.

ಹೆಚ್ಚಿನವರು ತಪ್ಪುವುದು ಕೂರಿಸುವುದರಲ್ಲಿ. ಕೂಲರನ್ನು ಕೋಣೆಯ ಮೂಲೆಗೆ ಇಟ್ಟು, ತಂಪು ಹೊರಗೆ ಹೋದೀತೆಂದು ಬಾಗಿಲು ಕಿಟಕಿ ಎಲ್ಲ ಬಂದ್ ಮಾಡುತ್ತಾರೆ. ಮೊದಲ ಅರ್ಧ ಗಂಟೆ ಹಿತವಾಗಿರುತ್ತದೆ. ಆಮೇಲೆ ಅದೇ ಹಸಿ ಗಾಳಿ ಸುತ್ತಿ ಸುತ್ತಿ ಬಂದು ಬೆವರು ಆರುವುದೇ ಇಲ್ಲ, ದಿಂಬು ಒದ್ದೆಯಾಗುತ್ತದೆ. ಕೂಲರ್ ಕಿಟಕಿಯ ಹೊರಗೆ ಸ್ಟ್ಯಾಂಡಿನ ಮೇಲೆ ನಿಲ್ಲಬೇಕು, ಅದರ ಬಾಯಿ ಮಾತ್ರ ಒಳಗೆ. ಹಿಂಭಾಗಕ್ಕೂ ಅದರಾಚೆ ಗೋಡೆಯೇನಾದರೂ ಇದ್ದರೆ ಅದಕ್ಕೂ ಎರಡಡಿ ಅಂತರ ಬೇಕು. ಎದುರು ಗೋಡೆಯ ಕಿಟಕಿಯ ಒಂದು ರೆಕ್ಕೆ ರಾತ್ರಿಯಿಡೀ ತೆರೆದಿರಲಿ. ಆ ಕಿಟಕಿಗೆ ಒಂದು ತೆಳು ಪಂಚೆ ಇಳಿಬಿಟ್ಟು ನೋಡಿ: ಅದು ಹೊರಗೆ ಉಬ್ಬಿ ನಿಂತರೆ ಗಾಳಿಯ ದಾರಿ ಸರಿಯಿದೆ.

ಅಳತೆಯ ವಿಷಯಕ್ಕೆ ಬಂದರೆ, 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆಗೆ ಗಂಟೆಗೆ ಸುಮಾರು 1,000 ಘನ ಮೀಟರ್ ಗಾಳಿ ಸಾಕು. ಆಳೆತ್ತರದ ದೊಡ್ಡ ಪೆಟ್ಟಿಗೆ ಪಡಸಾಲೆಗೆ ಸರಿ, ಮಲಗುವ ಕೋಣೆಗೆ ಬರೀ ಸದ್ದು. ಇಷ್ಟು ಗಾಳಿಯನ್ನು ತಂಪು ಮಾಡಲು ಉರಿಬಿಸಿಲಲ್ಲಿ ಗಂಟೆಗೆ ಆರು ಲೀಟರ್, ರಾತ್ರಿ ನಾಲ್ಕು ಲೀಟರ್ ಹತ್ತಿರ ನೀರು ಬೇಕು. 60 ಲೀಟರಿನ ಟ್ಯಾಂಕಿದ್ದರೆ ನಡುರಾತ್ರಿ ಎದ್ದು ಕೊಡ ಸುರಿಯುವ ಕೆಲಸವಿಲ್ಲ. ನಳ ದಿನಾ ಬಾರದ ಓಣಿಯವರು ಕೊಳ್ಳುವ ಮೊದಲೇ ಈ ನೀರನ್ನು ಲೆಕ್ಕಕ್ಕೆ ಹಿಡಿಯಲಿ. ಕರೆಂಟು ಮಾತ್ರ ಹಗುರ. ಫ್ಯಾನು, ಪಂಪು ಸೇರಿ 180 ವ್ಯಾಟ್ ಎಂದಿಟ್ಟುಕೊಂಡರೆ ಎಂಟು ಗಂಟೆಗೆ ಒಂದೂವರೆ ಯೂನಿಟ್, ತಿಂಗಳಿಗೆ 45. ಗೃಹಜ್ಯೋತಿಯವರು 200 ಯೂನಿಟ್ ದಾಟದಂತೆ ಮೀಟರ್ ಮೇಲೆ ಕಣ್ಣಿಡಬೇಕು.

ಪ್ಯಾಡಿನಲ್ಲಿ ಎರಡು ಬಗೆ. ಕಟ್ಟಿಗೆಯ ಎಳೆಗಳಿಂದಾದ ಹುಲ್ಲು ಅಗ್ಗ, ಮೊದಲ ತಿಂಗಳು ಚೆನ್ನಾಗಿ ತಂಪು ಕೊಡುತ್ತದೆ. ಆದರೆ ನೆನೆದು ಕೆಳಗೆ ಜಗ್ಗಿ ಮೇಲೆ ಸಂದು ಬಿಡುತ್ತದೆ. ಮೇಲಿನ ಮೂಲೆಗೆ ಅಂಗೈ ಹಿಡಿದು ನೋಡಿ, ಬರೀ ಬಿಸಿ ಗಾಳಿ ಸುಯ್ಯೆಂದು ಒಳಗೆ ನುಗ್ಗುತ್ತಿರುತ್ತದೆ. ವರ್ಷಕ್ಕೊಮ್ಮೆ ಬದಲಿಸಲೇಬೇಕು. ಜೇನುಗೂಡಿನಂಥ ಕಾಗದದ ಹನಿಕೋಂಬ್ ಪ್ಯಾಡ್ ದುಬಾರಿ, ಆದರೆ ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ಬೇಸಿಗೆ ಬರುತ್ತದೆ. ನಮ್ಮ ಆಯ್ಕೆ ಅದೇ. ಹೊಸ ಪ್ಯಾಡ್ ಮೊದಲು ವಾಸನೆ ಹೊಡೆಯುತ್ತದೆ. ಎರಡು ತಾಸು ನೀರು ಓಡಿಸಿ ಆ ನೀರು ಚೆಲ್ಲಿ.

ಪ್ಯಾಡಿನ ದೊಡ್ಡ ವೈರಿ ಬೋರ್ ನೀರು. ಒಂದು ಲೀಟರಿನಲ್ಲಿ ಒಂದು ಗ್ರಾಂ ಲವಣವಿರುವ ಸವಳು ನೀರು 40 ಲೀಟರ್ ಆವಿಯಾದರೆ ಒಂದೇ ರಾತ್ರಿಗೆ 40 ಗ್ರಾಂ ಉಪ್ಪು ಒಳಗೇ ಉಳಿಯಿತು. ಹತ್ತು ದಿನಕ್ಕೆ 400 ಗ್ರಾಂ. ಮೇಲಿಂದ ಮೇಲೆ ನೀರು ತುಂಬಿಸುತ್ತಲೇ ಹೋದರೆ ಪ್ಯಾಡ್ ಮೇಲೆ ಬಿಳಿ ಹೆಪ್ಪುಗಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಮೂರು ದಿನಕ್ಕೊಮ್ಮೆ ತಳದ ಬಿರಡೆ ತೆಗೆದು ಎಲ್ಲ ನೀರು ಹರಿಯಬಿಡಿ. ಪ್ಯಾಡಿನ ಮೇಲೆ ಒಣ ಪಟ್ಟಿ ಕಂಡರೆ ಮೇಲಿನ ಪೈಪಿನ ತೂತು ಕಟ್ಟಿದೆ ಎಂದರ್ಥ. ಕಸಬರಿಗೆ ಕಡ್ಡಿಯಿಂದ ಚುಚ್ಚಿದರೆ ಬಿಡುತ್ತದೆ.

ಟ್ಯಾಂಕಿಗೆ ಮಂಜುಗಡ್ಡೆ ಹಾಕುವುದು ದುಡ್ಡು ದಂಡ. ಐದು ಕಿಲೋ ಗಡ್ಡೆ ಹಗಲ ಬಿಸಿಯಲ್ಲಿ ಕೊಡುವ ತಂಪು ಕೂಲರಿನ ಹತ್ತು ನಿಮಿಷದ ಕೆಲಸಕ್ಕೂ ಸಮವಲ್ಲ.

ಇನ್ನು ಅರ್ಥಿಂಗ್. ತಗಡಿನ ಮೈ, ಒಳಗೆ ನೀರು, ಮಧ್ಯೆ ಅಗ್ಗದ ಪಂಪು. ಪಂಪಿನ ವೈರಿನ ಹೊದಿಕೆ ಒಂದು ಕಡೆ ಬಿರುಕು ಬಿಟ್ಟರೂ ಇಡೀ ಪೆಟ್ಟಿಗೆಗೆ ಕರೆಂಟ್ ಹರಿಯುತ್ತದೆ. ಒದ್ದೆ ಕೈಯಲ್ಲಿ ನೀರು ತುಂಬಿಸುವವರು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳು, ಮಕ್ಕಳು. ಎರಡು ಪಿನ್ನಿನ ಪ್ಲಗ್ ಇರುವ ಕೂಲರನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ತರಬೇಡಿ. ಮೂರು ಪಿನ್ ಇರಲಿ, ಹಸಿರು ವೈರು ತಗಡಿಗೆ ಸ್ಕ್ರೂ ಹಾಕಿ ಬಿಗಿದಿದೆಯೇ ಎಂದು ಅಂಗಡಿಯಲ್ಲೇ ತೆರೆಸಿ ನೋಡಿ. ಮನೆಯ ಸಾಕೆಟ್ಟಿಗೂ ನಿಜವಾದ ಅರ್ಥಿಂಗ್ ಇರಬೇಕು, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಬೀಳುವ ಸ್ವಿಚ್) ಹಾಕಿಸಿದರೆ ಇನ್ನೂ ನಿಶ್ಚಿಂತೆ. ನೀರು ಹಾಕುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕಿತ್ತಿಡಿ.

ಟ್ಯಾಂಕಿನಲ್ಲಿ ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಏಳರಿಂದ ಹತ್ತು ದಿನ ಸಾಕು, ಮೊಟ್ಟೆ ಒಣಗಿದ ಟ್ಯಾಂಕಿನ ಗೋಡೆಯಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿ, ಬ್ರಷ್ಷಿನಿಂದ ಒಳಗೋಡೆ ತಿಕ್ಕಿ, ಒಣಗಿಸಿ ತುಂಬಬೇಕು. ಬರೀ ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ.

ಮಲಗುವಾಗ ಗಾಳಿ ನೇರ ಮುಖಕ್ಕೆ ಬಡಿಯದಂತೆ ಜಾಲರಿಯನ್ನು ಕಾಲಿನ ಕಡೆ ತಿರುಗಿಸಿ. ಬೆಳಗಿನ ಜಾವ ಹೊರಗೆ 28 ಡಿಗ್ರಿ ಆಸುಪಾಸಿಗೆ ಇಳಿದಾಗ ಪಂಪು ಬೇಡ. ಮನೆಯಲ್ಲಿ ಹಿರಿಯರಿದ್ದರೆ ಆ ಹೊತ್ತಿನ ಹಸಿ ಗಾಳಿಗೆ ಕುತ್ತಿಗೆ, ಮಂಡಿ ಹಿಡಿದುಕೊಂಡವೆಂದು ಹೇಳುವುದು ಸಾಮಾನ್ಯ. ನಾಲ್ಕು ಗಂಟೆಗೆ ಪಂಪು ಆರಿಸಿ ಫ್ಯಾನು ಮಾತ್ರ ಬಿಡಿ. ಪ್ಯಾಡೂ ಆರುತ್ತದೆ, ಬೂಸ್ಟು ಹಿಡಿಯದು, ಮರುದಿನ ಸಂಜೆ ಹಾಕಿದಾಗ ಮುಗ್ಗಲು ವಾಸನೆ ಬರದು.