ಬಾಂಡ್ ಪೇಪರ್ ನಂಬಿ ನಾನು ಕೆಟ್ಟೆ, ನೀವು ಕೆಡಬೇಡಿ

ಬರೀಬೇಕೋ ಬೇಡವೋ ಅಂತ ಎರಡು ವಾರ ಸುಮ್ನಿದ್ದೆ. ಮನೆ ವಿಷಯ, ಅದರಲ್ಲೂ ಹೆಂಡತಿ ತವರಿಗೆ ಹೋಗಿ ಕೂತ ವಿಷಯ, ನಾಲ್ಕು ಜನರ ಮುಂದೆ ಹೇಳೋಕೆ ನಾಚಿಕೆ. ಆದರೆ ಮೊನ್ನೆ ನಮ್ಮ ರೈಸ್ ಮಿಲ್ಲಿನ ಹುಡುಗನೊಬ್ಬ, ನನಗೆ ಬಾಂಡ್ ಮಾಡಿಕೊಟ್ಟ ಅದೇ ಟೈಪಿಂಗ್ ಅಂಗಡಿಗೆ ಹೊರಟಿದ್ದ. ಹಿಡಿದು ನಿಲ್ಲಿಸಿದೆ. ಅದಕ್ಕೇ ಇದನ್ನು ಬರೀತಿದ್ದೇನೆ.

ನಾನಿರೋದು ಗಂಗಾವತಿ. ಹೆಂಡತಿ, ಆರು ವರ್ಷದ ಮಗಳು ಬಳ್ಳಾರಿಯಲ್ಲಿ. ಯಾರ ತಪ್ಪು ಅನ್ನೋದು ಇಲ್ಲಿ ಬೇಡ. ಹಿರಿಯರು ಕೂತು ಮಾತಾಡಿದರು. ಎರಡನೇ, ನಾಲ್ಕನೇ ಭಾನುವಾರ ಮಗಳು ಬೆಳಿಗ್ಗೆಯಿಂದ ಸಂಜೆವರೆಗೆ ನನ್ನ ಜೊತೆ. ನಾನು ತಿಂಗಳಿಗೆ 4,000 ಕೊಡೋದು. ಕಾಗದ ಮಾಡಿಸ್ಕೊಳ್ಳಿ ಅಂತ ಕೋರ್ಟ್ ಹತ್ತಿರ ಟೈಪಿಂಗ್ ಅಂಗಡಿಯ ಒಬ್ಬನ ಕಡೆ ಕಳಿಸಿದರು. ಬಿಳಿ ಅಂಗಿ, ಕಪ್ಪು ಪ್ಯಾಂಟು. ವಕೀಲ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

500 ರೂಪಾಯಿ ಬಾಂಡ್, ನೋಟರಿ ಸೀಲು, ಎರಡೂ ಕಡೆಯವರ ಸಹಿ. "ತಮ್ಮಾ, ಇದು ಕೋರ್ಟ್ ಆರ್ಡರ್ ಇದ್ದಂಗ. ಕೂಸು ಕೊಡಲಿಲ್ಲಂದ್ರ ಪೊಲೀಸರೇ ಬಂದು ಕೊಡಿಸ್ತಾರ" ಅಂದ. 6,000 ತಗೊಂಡ. ನಾನು ಅದಕ್ಕೆ ಲ್ಯಾಮಿನೇಷನ್ ಬೇರೆ ಮಾಡಿಸಿದೆ. ಹೌದು, ಲ್ಯಾಮಿನೇಷನ್.

ಮೊದಲ ಮೂರು ಸಲ ಎಲ್ಲಾ ಸರಿ ಇತ್ತು. ದುರ್ಗಮ್ಮನ ಗುಡಿಗೆ ಹೋಗೋದು, ಆಮೇಲೆ ಒಗ್ಗರಣೆ ಮಿರ್ಚಿ. ಮಗಳು ಮಿರ್ಚಿ ಮೇಲಿನ ಹಿಟ್ಟಷ್ಟೇ ಕಿತ್ಕೊಂಡು ತಿಂದು, ಮೆಣಸಿನಕಾಯಿ ನನ್ನ ತಟ್ಟೆಗೆ ಹಾಕ್ತಾಳೆ. ನಾಲ್ಕನೇ ಸಲ ಡ್ಯಾಮಿಂದ ನೀರು ಬಿಟ್ಟಿದ್ದರು, ಕಂಪ್ಲಿ ಸೇತುವೆ ಮುಳುಗಿತ್ತು. ಹೊಸಪೇಟೆ ಸುತ್ತಿ ಹೋಗೋದ್ರೊಳಗೆ ಮಧ್ಯಾಹ್ನ ಆಯ್ತು. ಮಾವ ಬಾಗಿಲಲ್ಲೇ ನಿಂತು, "ಹತ್ತು ಗಂಟೆ ಅಂತ ಬರದೈತಿ. ತಪ್ಪಿಸಿದಾಂವ ನೀನು" ಅಂದರು. ಒಳಗಿಂದ ಮಗಳ ದನಿ ಕೇಳಿಸ್ತಿತ್ತು. ಆಮೇಲೆ ಒಂದ್ಸಲ ಜ್ವರ, ಒಂದ್ಸಲ ಪರೀಕ್ಷೆ, ಒಂದ್ಸಲ ಮನೆಗೇ ಬೀಗ.

ಲ್ಯಾಮಿನೇಷನ್ ಕಾಗದ ಹಿಡ್ಕೊಂಡು ಸ್ಟೇಷನ್ನಿಗೆ ಹೋದೆ. ಸಾಹೇಬರು ಹಿಂದೆ ಮುಂದೆ ತಿರುಗಿಸಿ ನೋಡಿ, "ಆರ್ಡರ್ ಎಲ್ಲಿ?" ಅಂದರು. ಇದೇ ಸಾರ್ ಅಂದೆ. "ಇದು ನೀವು ನೀವು ಬರ್ಕೊಂಡಿದ್ದು. ಕೋರ್ಟಿಂದ ತಗೊಂಡು ಬಾ." ಪಕ್ಕದಲ್ಲಿದ್ದ ಪೇದೆ ನಕ್ಕುಬಿಟ್ಟ. ಆ ನಗು ಈಗಲೂ ನೆನಪಾದರೆ ಮೈ ಉರಿಯುತ್ತೆ.

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ನೋಡಿ. ಮತ್ತೆ ಅವನ ಹತ್ತಿರಾನೇ ಹೋದೆ. ಕೇಸ್ ಹಾಕೋಕೆ 18,000 ಅಂದ, 16,000 ಕೊಟ್ಟೆ. "ಗಂಗಾವತಿಯಾಗ ಹಾಕೀನಿ, ನಿನಗ ಬಳ್ಳಾರಿ ಓಡಾಟ ಬ್ಯಾಡ." ಎರಡು ತಿಂಗಳು ಬರೀ ವಾಯ್ಸ್ ಮೆಸೇಜು. ನೋಟಿಸ್ ಹೋಗೈತಿ. ಜಡ್ಜ್ ರಜಾ ಅದಾರ. ಕೇಸ್ ನಂಬರ್ ಕೊಡಿ ಅಂದರೆ, "ನಂಬರ್ ತಗೊಂಡು ನೀ ಏನ್ ಮಾಡ್ತಿ ತಮ್ಮಾ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?" ನಾನೇ ತಪ್ಪು ಮಾಡಿದವನ ಹಾಗೆ ಸಾರಿ ಬೇರೆ ಕೇಳಿದೆ. ಕೊನೆಗೆ ಐದು ಅಂಕಿಯ ಒಂದು ನಂಬರ್ ಕಳಿಸಿದ. ದೊಡ್ಡಪ್ಪನ ಮಗ ಇ-ಕೋರ್ಟ್ಸ್ ಆ್ಯಪಲ್ಲಿ ಹಾಕಿ ನೋಡಿದ. ನನ್ನ ಹೆಸರಲ್ಲೂ ಹುಡುಕಿದ. ಏನೂ ಇಲ್ಲ. ನಿಜವಾದ ಕೇಸಿಗೆ ಸಿಎನ್‌ಆರ್ ಅಂತ 16 ಅಕ್ಷರ-ಅಂಕಿಗಳ ನಂಬರ್ ಇರುತ್ತಂತೆ. ನನಗೆ ಯಾರು ಹೇಳಬೇಕಿತ್ತು?

ಆಮೇಲೆ ಬಳ್ಳಾರಿಯಲ್ಲಿ ಒಬ್ಬರು ವಕೀಲರನ್ನು ಕಂಡೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಮಗು ಎಲ್ಲಿ ವಾಸ ಇದೆಯೋ ಅಲ್ಲಿಯ ಕೋರ್ಟಿಗೇ ಹೋಗಬೇಕಂತೆ. ಅಂದರೆ ಬಳ್ಳಾರಿಗೆ. ಅವನು ಗಂಗಾವತಿಯಲ್ಲಿ ನಿಜವಾಗಿ ಹಾಕಿದ್ದರೂ ನಿಲ್ತಿರಲಿಲ್ಲ! ಇಬ್ಬರೂ ಒಪ್ಪಿದ್ದ ಅದೇ ಮಾತನ್ನು ಕೋರ್ಟ್ ಮುಂದೆ ರಾಜಿ ಅಂತ ಬರೆಸಿದ್ದರೆ ಅದೇ ಆರ್ಡರ್ ಆಗ್ತಿತ್ತು. ಇನ್ನೊಂದು ಬೈಗುಳಾನೂ ತಿಂದೆ. ಮಗಳನ್ನು ತೋರಿಸಲಿಲ್ಲ ಅನ್ನೋ ಸಿಟ್ಟಿಗೆ ನಾನು ಎರಡು ತಿಂಗಳು ದುಡ್ಡು ನಿಲ್ಲಿಸಿದ್ದೆ. "ಅದಕ್ಕೂ ಇದಕ್ಕೂ ಗಂಟು ಹಾಕಬೇಡ್ರಿ, ನಾಳೆ ಅದನ್ನೇ ನಿಮ್ಮ ಮೇಲೆ ತಿರುಗಿಸ್ತಾರೆ" ಅಂದರು. ಅವತ್ತೇ ಫೋನ್‌ಪೇ ಮಾಡಿದೆ.

ಬಾಂಡ್ ಮಾಡಿಸೋರು ಮಾಡಿಸಿ, ಆದರೆ ಅದನ್ನು ಆರ್ಡರ್ ಅಂದ್ಕೋಬೇಡಿ. ಸಿಎನ್‌ಆರ್ ನಂಬರ್ ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ. ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ್ದು. ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ, ಆದಾಯ ಕಡಿಮೆ ಇದ್ದವರಿಗೆ ಪುಕ್ಕಟೆ ವಕೀಲರನ್ನು ಕೊಡ್ತಾರೆ. ವಾಯ್ಸ್ ಮೆಸೇಜ್ ಡಿಲೀಟ್ ಮಾಡಬೇಡಿ. ನಾನು ಅರ್ಧ ಮಾಡಿಬಿಟ್ಟಿದ್ದೆ.

ಈಗ ಬಳ್ಳಾರಿಯಲ್ಲಿ ಅರ್ಜಿ ಹಾಕಿದ್ದೇವೆ. ನಂಬರ್ ನಾನೇ ನೋಡ್ಕೊಂಡಿದ್ದೇನೆ, ದಿನಕ್ಕೆ ಎರಡು ಸಲ. ನಿನ್ನೆ ಆ ಟೈಪಿಂಗ್ ಅಂಗಡಿಯವನಿಂದ ಮತ್ತೆ ಮೆಸೇಜು ಬಂತು: "ತಮ್ಮಾ, ಉಳಿದ 2,000 ಯಾವಾಗ ಹಾಕ್ತಿ?"