ರೇಷನ್ ಕಮ್ಮಿ ಕೊಟ್ಟರೆ ಎಲ್ಲಿ ಹೇಳೋದು? ಫೋನು, ಅರ್ಜಿ, ಊರಿನ ಸಮಿತಿ: ಮೂರನ್ನೂ ನೋಡಿದ ಮೇಲೆ

ನಮ್ಮ ಅವ್ವನದು ಅಂತ್ಯೋದಯ ಕಾರ್ಡ್. ತಿಂಗಳಿಗೆ 35 ಕೆಜಿ, ಪುಕ್ಕಟೆ. ಊರು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಒಂದು ತಿಂಗಳು ಚೀಲ ಹೊತ್ತು ತರುವಾಗ ಯಾಕೋ ಹಗುರ ಅನಿಸಿತು. ದಾರಿಯಲ್ಲೇ ಇದ್ದ ಹಿಟ್ಟಿನ ಗಿರಣಿಯಲ್ಲಿ ತೂಗಿಸಿದೆ. 32 ಬಂತು. ಇಳಿಸಿ ಮತ್ತೆ ಇಟ್ಟೆ, ಅಷ್ಟೇ. ಮೂರು ಕೆಜಿ ಅಂದರೆ ಅವ್ವ, ತಮ್ಮ, ತಮ್ಮನ ಹೆಂಡತಿ ಇರುವ ಮನೆಗೆ ಎರಡು ದಿನದ ಊಟ. ಮೇಲೆ ಮಷೀನಿಗೆ ಹೆಬ್ಬೆಟ್ಟು ಒತ್ತಿದ್ದಕ್ಕೆ ರೇಷನ್ ಅಂಗಡಿಯವರು 20 ರೂಪಾಯಿ ಬೇರೆ ಇಸ್ಕೊಂಡಿದ್ದರು.

ಮೊದಲು ರೇಷನ್ ದೂರಿನ ಸಹಾಯವಾಣಿ 1967ಕ್ಕೆ ಫೋನ್ ಮಾಡಿದೆ. ಈ ನಂಬರ್ ಪ್ರತಿ ನ್ಯಾಯಬೆಲೆ ಅಂಗಡಿಯ ಬೋರ್ಡ್ ಮೇಲೂ ಇರಬೇಕು. ನಮ್ಮ ಅಂಗಡಿಯಲ್ಲಿ ಕ್ಯಾಲೆಂಡರ್ ಹಿಂದೆ ಇತ್ತು. ಹತ್ತಿ ಬಿಡಿಸುವ ಕಾಲ ಅದು. ಹೊಲದಲ್ಲೇ ನಿಂತು ಮಾತಾಡಿದೆ, ಕೂಲಿ ಕಳೆದುಕೊಳ್ಳಲಿಲ್ಲ. ಇದೇ ಫೋನಿನ ದೊಡ್ಡ ಅನುಕೂಲ. ಕಾರ್ಡ್ ನಂಬರ್, ಅಂಗಡಿ ನಂಬರ್ ಕೇಳಿದರು. ಆಮೇಲೆ ಕೇಳಿದ್ದೇ ಮುಖ್ಯ: "ಮಷೀನಿನಿಂದ ಬಂದ ರಸೀದಿ ಇದೆಯಾ?" ಇರಲಿಲ್ಲ. ಅವ್ವ ಯಾವತ್ತೂ ಕೇಳಿರಲಿಲ್ಲ, ಅಂಗಡಿಯವರೂ ಕೊಟ್ಟಿರಲಿಲ್ಲ. ದೂರು ದಾಖಲಾಯಿತು, ಆದರೆ ನನ್ನ ಹತ್ತಿರ ತೋರಿಸೋಕೆ ಏನೂ ಇರಲಿಲ್ಲ ಅಲ್ವಾ? ನಮಗೆ ಎಷ್ಟು ಬರಬೇಕು, ಅಂಗಡಿ ಎಷ್ಟು ದಿನ ತೆರೆದಿರಬೇಕು ಅಂತ ತಿಳಿಯೋಕೆ ಫೋನಿಗಿಂತ ಒಳ್ಳೆಯ ದಾರಿ ಇಲ್ಲ. ತೂಕದ ಜಗಳಕ್ಕೆ ಅದೊಂದೇ ಸಾಲದು.

ಮುಂದಿನ ತಿಂಗಳು ಪಟ್ಟು ಹಿಡಿದು ರಸೀದಿ ಇಸ್ಕೊಂಡೆ. ಅದರಲ್ಲಿ 35, ಗಿರಣಿಯಲ್ಲಿ ಮತ್ತೆ 32. ತಾಲೂಕು ಕಚೇರಿಗೆ ಹೋಗಿ ಬಾಯಲ್ಲಿ ಹೇಳಿದೆ. "ಅಂಗಡಿಯವರಿಗೆ ಹೇಳ್ತೀವಿ ಬಿಡ್ರಿ" ಅಂದರು. ಸುಮ್ನೆ ಒಂದು ದಿನ ಹಾಳಾಯಿತು. ಎರಡನೇ ಸಲ ತಹಶೀಲ್ದಾರರ ಹೆಸರಿಗೆ ಒಂದೇ ಪುಟದ ಅರ್ಜಿ ಬರೆದುಕೊಂಡು ಹೋದೆ. ಕಾರ್ಡ್ ನಂಬರ್, ಅಂಗಡಿ ನಂಬರ್, ತಾರೀಖು, ರಸೀದಿಯಲ್ಲಿ ಎಷ್ಟು, ಕೈಗೆ ಎಷ್ಟು, ಇಷ್ಟೇ. ಬೈಗುಳ ಒಂದೂ ಇಲ್ಲ. ರಸೀದಿಯ ಜೆರಾಕ್ಸ್ ಲಗತ್ತಿಸಿದೆ. ಟಪಾಲು ವಿಭಾಗದಲ್ಲಿ ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು, ಆವಕ ನಂಬರ್ ಹಾಕಿಸಿಕೊಂಡೆ. ಈ ಸೀಲು ಬೀಳದೆ ಅಲ್ಲಿಂದ ಎದ್ದು ಬರಬೇಡಿ.

ಮೂರನೇ ವಾರ ಆಹಾರ ನಿರೀಕ್ಷಕರು ಅಂಗಡಿಗೆ ಬಂದರು. ಚೀಲ ಎಣಿಸಿದರು. ಮಷೀನಿನ ಲೆಕ್ಕಕ್ಕಿಂತ ಅಕ್ಕಿ ಜಾಸ್ತಿ ಇತ್ತು. ಕಾರ್ಡಿಗೆ ಎರಡು, ಮೂರು ಕೆಜಿ ಉಳಿಸುತ್ತಾ ಹೋದರೆ ಅದು ಎಲ್ಲೋ ಕೂಡಲೇಬೇಕಲ್ಲ. ಅವ್ವನ ಬಾಕಿ ಅಕ್ಕಿ ಬಂತು, ನನ್ನ ಅರ್ಜಿಗೆ ಹಿಂಬರಹವೂ, ಅಂದರೆ ಕಚೇರಿಯ ಲಿಖಿತ ಉತ್ತರವೂ, ಬಂತು. ಹಿಂಬರಹ ಯಾಕೆ ಬೇಕು ಅಂದರೆ, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ 2013ರ ಪ್ರಕಾರ ಮುಂದಿನ ಮೆಟ್ಟಿಲು ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿ, ಅದರ ಮೇಲೆ ರಾಜ್ಯ ಆಹಾರ ಆಯೋಗ. ಜಿಲ್ಲಾ ಅಧಿಕಾರಿ ಕೊಡಿ ಅಂದ ಪರಿಹಾರವನ್ನು ಸರಿಯಾದ ಕಾರಣವಿಲ್ಲದೆ ಕೊಡದ ಸರ್ಕಾರಿ ನೌಕರನಿಗೆ ಆಯೋಗ 5000 ರೂಪಾಯಿವರೆಗೆ ದಂಡ ಹಾಕಬಹುದು. ಮೆಟ್ಟಿಲು ಹತ್ತುವವರ ಕೈಯಲ್ಲಿ ಕಾಗದ ಇರಬೇಕು. ಖರ್ಚು ಅಂದರೆ ಎರಡು ದಿನದ ಕೂಲಿ, ಬಸ್ಸು, ಜೆರಾಕ್ಸ್.

ಇನ್ನು ಜಾಗೃತಿ ಸಮಿತಿ, ಅಂದರೆ ರೇಷನ್ ಅಂಗಡಿ ಮೇಲೆ ಕಣ್ಣಿಡುವ ಊರಿನ ಸಮಿತಿ. ಇದರಿಂದ ಏನೂ ಆಗಲಿಕ್ಕಿಲ್ಲ ಅಂದುಕೊಂಡಿದ್ದೆ. ಕಾಯ್ದೆಯ 29ನೇ ಕಲಂ ಪ್ರಕಾರ ಅಂಗಡಿ ಅಂಗಡಿಗೂ ಒಂದು ಸಮಿತಿ ಇರಬೇಕು, ಅದರಲ್ಲಿ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು ಇರಬೇಕು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು ಅಂತ ಕೇಂದ್ರದ 2015ರ ಆದೇಶವೂ ಇದೆ. ನಮ್ಮ ಓಣಿಯ ಒಬ್ಬ ಅಕ್ಕನ ಹೆಸರು ಸಮಿತಿಯ ಪಟ್ಟಿಯಲ್ಲಿತ್ತು. ಅದು ಅವರಿಗೇ ಗೊತ್ತಿರಲಿಲ್ಲ! ಹೇಳಿದಾಗ, "ಹಂಗಾದ್ರ ನಾ ಬಂದು ನಿಂದ್ರಬಹುದೇನು?" ಅಂತ ಕೇಳಿದರು. ಬಂದು ನಿಂತರು.

ಅಕ್ಕಿಯನ್ನು ಎಣ್ಣೆಯ ತಗಡಿನ ಡಬ್ಬಿಯಲ್ಲಿ ತುಂಬಿ, ಡಬ್ಬಿ ಸಮೇತ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಇಡುತ್ತಿದ್ದರು. 12, 12, 11. ಮೂರು ಸಲ. ಅಕ್ಕ ಡಬ್ಬಿಯನ್ನು ಚೀಲಕ್ಕೆ ಸುರಿಸಿದ ಮೇಲೆ, ಖಾಲಿ ಡಬ್ಬಿಯನ್ನೇ ತಕ್ಕಡಿ ಮೇಲೆ ಇಡಿ ಅಂದರು. ಒಂದು ಕೆಜಿ ತೋರಿಸಿತು. ಸಾಲಿನಲ್ಲಿ ನಿಂತವರೆಲ್ಲ ಒಮ್ಮೆ ಸುಮ್ಮನಾದರು. ಮೂರು ಡಬ್ಬಿ, ಮೂರು ಕೆಜಿ. ನಿರೀಕ್ಷಕರು ಬಂದ ದಿನ ಆ ಡಬ್ಬಿ ಅಂಗಡಿಯಲ್ಲೇ ಇರಲಿಲ್ಲ. ತಾಲೂಕಿನವರು ವರ್ಷಕ್ಕೆ ಎಷ್ಟು ಸಲ ಬಂದಾರು? ಅಕ್ಕನ ಮನೆ ಅಂಗಡಿಯಿಂದ ನಾಲ್ಕನೇ ಮನೆ.

ಹೋದ ಅಕ್ಕಿ ವಾಪಸ್ ಬೇಕಾದರೆ ಅರ್ಜಿಯೇ ಸರಿ, ಒಂದೇ ದಾರಿ ಹಿಡಿಯುವಷ್ಟು ಪುರುಸೊತ್ತು ಇರುವವರಿಗೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಅರ್ಜಿ ಒಂದು ಕಾರ್ಡಿನ ಬಾಕಿ ತಂದಿತು. ಅಕ್ಕ ಅಲ್ಲಿ ನಿಂತಿದ್ದರಿಂದ ಇಡೀ ಸಾಲಿಗೆ ತೂಕ ಸರಿಯಾಯಿತು. ಸರ್ಕಾರ ಸಮಿತಿ ಸದಸ್ಯರಿಗೆ "ನೀವು ಸದಸ್ಯರು" ಅಂತ ಒಂದು ಪತ್ರ ಕಳಿಸಿದರೂ ಎಷ್ಟೋ ಊರುಗಳಲ್ಲಿ ಡಬ್ಬಿ ಕೆಳಗಿಳಿಯುತ್ತದೆ.

ಈ ತಿಂಗಳು ಗಿರಣಿಯಲ್ಲಿ 35 ಬಂತು. ಹೆಬ್ಬೆಟ್ಟಿನ 20 ರೂಪಾಯಿ ಇನ್ನೂ ನಿಂತಿಲ್ಲ. ಅದಕ್ಕೆ ಮೊನ್ನೆ ಇನ್ನೊಂದು ಅರ್ಜಿ ಬರೆದಿದ್ದೇನೆ, ಎರಡು ಪ್ರತಿ. ಕೆಳಗೆ ಅಕ್ಕನ ಸಹಿಯೂ ಇದೆ.