ಫ್ರಾನ್ಜ್ ಜೋಸೆಫ್ ಅಥವಾ ಟಾಸ್ಮನ್: ಗೆಳೆಯರ ಜೊತೆ ಹೋಗೋಕೆ ಯಾವ ಹಿಮನದಿ?

ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಗೆಳೆಯರ ಮನೆಯಲ್ಲಿ ಉಳಿದುಕೊಂಡು ಹಿಮನದಿ ನೋಡಬೇಕು ಅಂದ್ರೆ ಮುಖ್ಯವಾಗಿ ಎರಡು ದಿಕ್ಕು. ಒಂದು ಪಶ್ಚಿಮ ಕರಾವಳಿಯ ಫ್ರಾನ್ಜ್ ಜೋಸೆಫ್. ಇನ್ನೊಂದು ಅವೊರಾಕಿ ಮೌಂಟ್ ಕುಕ್ ಪಕ್ಕದ ಟಾಸ್ಮನ್. ಒಂದೇ ರಜೆಯಲ್ಲಿ ಎರಡೂ ಕಡೆ ಹೋಗಿ ಬಂದೆ. ನನ್ನ ಓಟು ಟಾಸ್ಮನ್‌ಗೆ. ಫೋಟೊದಲ್ಲಿ ಫ್ರಾನ್ಜ್ ಜೋಸೆಫ್ಫೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿನ ಒಂದು ತೊಡಕು ನಮ್ಮ ಇಡೀ ವಾರಾಂತ್ಯವನ್ನು ನುಂಗಿತು.

ತೊಡಕು ಅಂದ್ರೆ ಹೆಲಿಕಾಪ್ಟರ್. ಮುಂಚೆ ಕಣಿವೆಯಲ್ಲಿ ನಡೆದು ಹೋಗಿ ಹಾಗೇ ಮಂಜುಗಡ್ಡೆ ಹತ್ತಬಹುದಿತ್ತು. ಹಿಮನದಿ ಕರಗಿ ಹಿಂದೆ ಸರಿದು, ಅದರ ತುದಿ ಅಪಾಯಕಾರಿಯಾದ ಮೇಲೆ, 2012ರಿಂದ ಗೈಡ್ ಜೊತೆಗಿನ ನಡಿಗೆಗೂ ಹೆಲಿಕಾಪ್ಟರ್‌ನಲ್ಲೇ ಹಾರಿ ಹೋಗಬೇಕು. ಹಾರಬೇಕಾದರೆ ಆಕಾಶ ಬಿಡಬೇಕಲ್ವಾ?

ಪಶ್ಚಿಮ ಕರಾವಳಿಯಲ್ಲಿ ಅದು ಸುಲಭಕ್ಕೆ ಬಿಡುವುದಿಲ್ಲ. ಸಮುದ್ರದಿಂದ ಬರುವ ತೇವದ ಗಾಳಿ ಸದರ್ನ್ ಆಲ್ಪ್ಸ್ ಪರ್ವತಸಾಲಿಗೆ ಬಡಿದು ಮೇಲೇರುತ್ತದೆ, ಕೆಳಗೆ ಮಳೆ, ಮೇಲೆ ಹಿಮ ಸುರಿಸುತ್ತದೆ. ವರ್ಷಕ್ಕೆ ಹಲವು ಮೀಟರ್ ಮಳೆ. ಮಳೆಕಾಡಿನ ಹತ್ತಿರದವರೆಗೂ ಹಿಮನದಿ ಇಳಿದು ಬಂದಿರುವುದು ಇದೇ ಕಾರಣಕ್ಕೆ. ಹಿಮನದಿಯನ್ನು ಸಾಕುವ ಮೋಡವೇ ಅದರ ಮೇಲೆ ಕಾಲಿಡಲು ಬಿಡುವುದಿಲ್ಲ.

ಬೆಳಗ್ಗೆ ಹೋದೆವು. ಒಬ್ಬೊಬ್ಬರನ್ನೇ ತೂಕ ಮಾಡಿದರು. ಬೂಟು, ಅದರಡಿ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್, ಮಳೆ ಜಾಕೆಟ್ ಕೊಟ್ಟರು. ಎಲ್ಲಾ ಹಾಕಿಕೊಂಡು ಬೆಂಚಿನ ಮೇಲೆ ಕೂತೆವು. ಇನ್ನೊಂದು ಗಂಟೆ ನೋಡೋಣ ಅಂದರು. ಆಮೇಲೆ ಮತ್ತೊಂದು ಗಂಟೆ. ಊರಿನ ಮೇಲೆ ಒಮ್ಮೆ ಬಿಸಿಲು ಕೂಡ ಬಂತು, ಆದರೆ ಮೇಲೆ ಇಳಿಯುವ ಜಾಗದಲ್ಲಿ ಮೋಡ ಕದಲಲಿಲ್ಲ. ಮಧ್ಯಾಹ್ನ ರದ್ದು. ಟಿಕೆಟ್ ದುಡ್ಡು ಪೂರ್ತಿ ವಾಪಸ್ ಬಂತು, ಆ ವಿಷಯದಲ್ಲಿ ದೂರಿಲ್ಲ. ರೂಮಿನ ಬಾಡಿಗೆ, ಪೆಟ್ರೋಲು ಬರಲಿಲ್ಲ.

ನಾಳೆ ಬನ್ನಿ ಅಂದರು. ಒಬ್ಬರೇ ಸುತ್ತುವವರಿಗೆ ನಾಳೆ ಇರುತ್ತದೆ. ಕೆಲಸಕ್ಕೆ ಹೋಗುವ ಗೆಳೆಯರ ಜೊತೆ ಬಂದವರಿಗೆ ಸೋಮವಾರ ಇರುತ್ತದೆ. ಆರ್ಥರ್ಸ್ ಪಾಸ್ ಅನ್ನುವ ಬೆಟ್ಟದ ದಾರಿ ದಾಟಿ ಐದು ಗಂಟೆ ಕಾರು ಓಡಿಸಿಕೊಂಡು ವಾಪಸ್ ಬಂದೆವು. ನನಗಾಗಿ ರಜೆ ಹೊಂದಿಸಿದವರ ಮುಖ ನೋಡಿ ಬೇಜಾರಾಯಿತು, ಮಂಜುಗಡ್ಡೆ ತಪ್ಪಿದ್ದಕ್ಕಿಂತ ಜಾಸ್ತಿ.

ಟಾಸ್ಮನ್‌ಗೆ ಹೋದದ್ದು ಮುಂದಿನ ವಾರಾಂತ್ಯ. ಸುಮಾರು ನಾಲ್ಕು ಗಂಟೆಯ ದಾರಿ. ಕೊನೆಯ ಭಾಗ ಪುಕಾಕಿ ಸರೋವರದ ದಡದಲ್ಲಿ. ಹಿಮನದಿ ಅರೆದ ಕಲ್ಲಿನ ಪುಡಿ ಬೆರೆತು ಆ ನೀರಿಗೆ ಹಾಲು ಬೆರೆಸಿದ ನೀಲಿ ಬಂದಿದೆ. ಅಂದೂ ಮೋಡವಿತ್ತು, 3,724 ಮೀಟರ್ ಎತ್ತರದ ಮೌಂಟ್ ಕುಕ್ ಶಿಖರ ಕಾಣಲೇ ಇಲ್ಲ. ಆದರೂ ಹಿಮನದಿಯ ತುದಿಯ ಕೆರೆಯಲ್ಲಿ ಸುತ್ತಿಸುವ ದೋಣಿ ಹೊರಟಿತು.

ಈ ಹಿಮನದಿ ನ್ಯೂಜಿಲೆಂಡ್‌ನಲ್ಲೇ ಅತಿ ಉದ್ದದ್ದು. ತುದಿಯಲ್ಲಿರುವ ಕೆರೆ ಹೊಸದು. 1970ರ ದಶಕದ ಶುರುವಿನಲ್ಲಿ ಅಲ್ಲಿದ್ದದ್ದು ಸಣ್ಣ ಸಣ್ಣ ಹೊಂಡಗಳು, ಈಗ ಕಿಲೋಮೀಟರ್‌ಗಟ್ಟಲೆ ನೀರು. 2011ರ ಫೆಬ್ರವರಿಯಲ್ಲಿ ಕ್ರೈಸ್ಟ್‌ಚರ್ಚ್ ಭೂಕಂಪ ಆದಾಗ ಹಿಮನದಿಯ ದೊಡ್ಡದೊಂದು ಭಾಗ ಕಳಚಿ ಈ ಕೆರೆಗೇ ಬಿತ್ತು. ಆ ಭೂಕಂಪ ಕಂಡ ಊರಿನವರ ಪಕ್ಕ ಕೂತು ಇದನ್ನು ಕೇಳುವುದೇ ಬೇರೆ.

ಗೈಡ್ ನೀರಿನಿಂದ ಒಂದು ತುಂಡು ಎತ್ತಿ ಕೈಗೆ ಕೊಟ್ಟರು. ತಿಳಿಯಾದ ಗಡ್ಡೆ, ಒಳಗೆ ಒಂದಕ್ಕೊಂದು ಹೆಣೆದುಕೊಂಡ ಹರಳುಗಳ ಗೆರೆ. ಬೆರಳು ಮರಗಟ್ಟುವ ತನಕ ಯಾರೂ ಕೆಳಗಿಡಲಿಲ್ಲ.

ಕೊರತೆಯೂ ಇದೆ. ಟಾಸ್ಮನ್‌ನ ಕೆಳಭಾಗದ ಮೇಲೆಲ್ಲಾ ಕಲ್ಲುಮಣ್ಣು. ಹೊಳೆಯುವ ಬಿಳಿ ಇಳಿಜಾರು ಬೇಕೆನ್ನುವವರಿಗೆ ನಿರಾಸೆ ಖಂಡಿತ. ಮಂಜಿನ ಮೇಲೆ ನಡೆಯುವ ಅನುಭವ ದೋಣಿಯಲ್ಲಿ ಸಿಗುವುದಿಲ್ಲ.

ದುಡ್ಡಿನ ಲೆಕ್ಕ ಸರಳ: ದೋಣಿಗೆ ಹೆಲಿಕಾಪ್ಟರ್ ನಡಿಗೆಯ ಅರ್ಧಕ್ಕಿಂತ ಕಡಿಮೆ.

ಜೋರು ಗಾಳಿ ಬಂದರೆ ದೋಣಿಯೂ ನಿಲ್ಲುತ್ತದೆ. ಆಗ ಬ್ಲೂ ಲೇಕ್ಸ್ ದಾರಿಯ ಮೆಟ್ಟಿಲು ಹತ್ತಿದರೆ ಕೆರೆ, ತೇಲುವ ಗಡ್ಡೆ, ಹಿಮನದಿ ಎಲ್ಲಾ ಬಿಟ್ಟಿಯಾಗಿ ಕಾಣುತ್ತವೆ. (ಬ್ಲೂ ಲೇಕ್ಸ್ ಈಗ ಹಸಿರು. ಹಿಮನದಿಯ ನೀರು ನಿಂತು ಮಳೆನೀರು ತುಂಬಿದ್ದೇ ಕಾರಣ.) ಫ್ರಾನ್ಜ್ ಜೋಸೆಫ್‌ನಲ್ಲೂ ಬಿಟ್ಟಿ ವ್ಯೂಪಾಯಿಂಟ್ ಇದೆ, ಆದರೆ ಹಿಮನದಿ ದೂರ.

ಸ್ವಂತ ಟ್ರೆಕ್ಕಿಂಗ್ ಶೂ ಒಯ್ಯುವವರು ಮಣ್ಣು ಚೆನ್ನಾಗಿ ತೊಳೆದು, ವಿಮಾನ ನಿಲ್ದಾಣದಲ್ಲಿ ಡಿಕ್ಲೇರ್ ಮಾಡಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ.

ಕೈಯಲ್ಲಿ ಮೂರು ನಾಲ್ಕು ದಿನ ಬಿಡುವಿದ್ದು, ದುಡ್ಡಿಗೂ ತೊಂದರೆ ಇಲ್ಲದಿದ್ದರೆ ಫ್ರಾನ್ಜ್ ಜೋಸೆಫ್‌ನಲ್ಲೇ ಉಳಿದು ಕಾಯಿರಿ. ಗೆಳೆಯರ ಶನಿವಾರ ಭಾನುವಾರ ನಂಬಿ ಹೋಗುವುದಾದರೆ ಟಾಸ್ಮನ್. ದೋಣಿ ಚಳಿಗಾಲದಲ್ಲಿ ಓಡುವುದಿಲ್ಲ, ಹಾಗಾಗಿ ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಬಿಟ್ಟು ಟಿಕೆಟ್ ಮಾಡಿಸಿ.